ಮರೆವಿನ ಕಾಯಿಲೆಗೆ ಶಬ್ದದ ಚಿಕಿತ್ಸೆ: ಕಿವಿ ಪರೀಕ್ಷೆಯಿಂದ 40 ಹರ್ಟ್ಸ್‌ವರೆಗೆ

ಡಿಮೆನ್ಶಿಯಾ ಎಂದು ವೈದ್ಯರು ಹೇಳಿದ ರಾತ್ರಿಯೇ ಮನೆಯವರು ಮೊಬೈಲ್ ಹಿಡಿದು ಹುಡುಕಲು ಕೂರುತ್ತಾರೆ. ಸಂಗೀತ ಚಿಕಿತ್ಸೆ, 40 ಹರ್ಟ್ಸ್ ಗಾಮಾ ಶಬ್ದ, ಬೈನಾರಲ್ ಬೀಟ್ಸ್, ಕಂಪಿಸುವ ಕುರ್ಚಿ, ಹಿಯರಿಂಗ್ ಏಡ್, ಹೀಗೆ ಸಾಲುಸಾಲಾಗಿ ಹೆಸರುಗಳು ಬರುತ್ತವೆ. ಎಲ್ಲಕ್ಕೂ ‘ಶಬ್ದ ಚಿಕಿತ್ಸೆ’ ಎಂದೇ ಕರೆಯುವುದರಿಂದ ಒಂದಕ್ಕೆ ಇರುವ ಆಧಾರ ಇನ್ನೊಂದಕ್ಕೂ ಇದೆ ಅನ್ನಿಸಿಬಿಡುತ್ತದೆ. ಹಾಗಿಲ್ಲ. ಈ ದಾರಿ ಹಿಡಿದು ಹೋಗಿ ಮುಗಿಸಿದವರಾಗಿ ನಾವು ಮೊದಲು ಹೇಳಬೇಕಾದದ್ದು ಕ್ರಮದ ವಿಚಾರ: ಮೊದಲು ಕಿವಿ, ಆಮೇಲೆ ಹಾಡು, ಆಮೇಲೆ ಬೇಕಿದ್ದರೆ ಚಿಕಿತ್ಸಕರು, ಎಲ್ಲಕ್ಕಿಂತ ಕೊನೆಗೆ ಯಂತ್ರ. ಬಹಳಷ್ಟು ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲ ವಾರವೇ ಯಂತ್ರ ಬರುತ್ತದೆ, ಕಿವಿಯಲ್ಲಿ ಗುಗ್ಗೆ ಕಟ್ಟಿರುವುದು ಆರು ತಿಂಗಳ ಮೇಲೆ ಗೊತ್ತಾಗುತ್ತದೆ.

ಇದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದೂ ಹೊರಡುವ ಮೊದಲೇ ತಿಳಿದಿರಲಿ. ಡಿಮೆನ್ಶಿಯಾ ಇರುವವರಿಗೆ ಸಂಗೀತ ಚಿಕಿತ್ಸೆ ಕೊಟ್ಟ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿದ, ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಪರಾಮರ್ಶೆ 2025ರಲ್ಲಿ ಪರಿಷ್ಕರಣೆಯಾಗಿದೆ. 30 ಅಧ್ಯಯನಗಳು, 1,720 ಮಂದಿ. ಖಿನ್ನತೆಯ ಲಕ್ಷಣಗಳು ಬಹುಶಃ ಕಡಿಮೆಯಾಗುತ್ತವೆ, ಒಟ್ಟಾರೆ ವರ್ತನೆಯ ತೊಂದರೆಗಳು ಕಡಿಮೆಯಾಗಬಹುದು. ಜ್ಞಾಪಕ, ಗ್ರಹಿಕೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂಬುದು ಅದರ ಸಾರ. ಅಂದರೆ ದಿನ ಹಗುರವಾಗಬಹುದು, ಮರೆತದ್ದು ಮರಳಿ ಬರುವುದಿಲ್ಲ. ಇದನ್ನು ಒಪ್ಪಿಕೊಂಡು ಹೊರಟವರಿಗೆ ಮುಂದಿನ ಹೆಜ್ಜೆಗಳಲ್ಲಿ ನಿರಾಶೆ ಕಡಿಮೆ.

ಮೊದಲಿಗೆ ಒಂದು ಫೈಲ್ ಮಾಡಿಕೊಳ್ಳಿ. ಯಾವ ಬಗೆಯ ಡಿಮೆನ್ಶಿಯಾ ಎಂದು ಬರೆದ ವೈದ್ಯರ ಚೀಟಿ, ಎಂಎಂಎಸ್‌ಇ ಅಥವಾ ಮೋಕಾ ಎಂಬ ನೆನಪು-ಗ್ರಹಿಕೆ ಪರೀಕ್ಷೆಯ ಅಂಕ (ಎರಡಕ್ಕೂ ಗರಿಷ್ಠ 30) ಮತ್ತು ಅದನ್ನು ತೆಗೆದುಕೊಂಡ ದಿನಾಂಕ, ಮಿದುಳಿನ ಸ್ಕ್ಯಾನ್ ವರದಿ, ಈಗಿನ ಮಾತ್ರೆಗಳ ಪಟ್ಟಿ, ಹಿಂದೆಂದಾದರೂ ಮಾಡಿಸಿದ ಶ್ರವಣ ಪರೀಕ್ಷೆ, ಅಪಸ್ಮಾರ ಅಥವಾ ಫಿಟ್ಸ್ ಬಂದಿದ್ದರೆ ಅದರ ವಿವರ. ಕಾಯಿಲೆಯ ಬಗೆ ಏಕೆ ಬೇಕು ಎಂದರೆ, ಲೂಯಿ ಬಾಡಿ ಡಿಮೆನ್ಶಿಯಾದಲ್ಲಿ ಇಲ್ಲದ್ದು ಕಾಣುವುದು, ಕೇಳುವುದು ಇರುತ್ತದೆ. ಕೋಣೆಯಲ್ಲಿ ಯಾರೂ ಇಲ್ಲದೆ ಹಾಡು ಕೇಳಿಸಿದರೆ ಅವರು ಗಾಬರಿಯಾಗಬಹುದು, ಸ್ಪೀಕರ್ ಕಣ್ಣಿಗೆ ಕಾಣುವ ಹಾಗೆ ಇಡಬೇಕು. ಫ್ರಾಂಟೊಟೆಂಪೊರಲ್ ಬಗೆಯಲ್ಲಿ ಕೆಲವರಿಗೆ ಸಂಗೀತದ ಗೀಳೇ ಹತ್ತುತ್ತದೆ, ಒಂದೇ ಹಾಡನ್ನು ದಿನವಿಡೀ ಕೇಳುತ್ತಾರೆ. ಅವರಿಗೆ ಬೇಕಾದದ್ದು ಹೆಚ್ಚು ಸಂಗೀತವಲ್ಲ, ಮಿತಿ. ಪಾರ್ಶ್ವವಾಯುವಿನ ನಂತರ ಬಂದ ಡಿಮೆನ್ಶಿಯಾದಲ್ಲಿ ಕಿವಿ ಸರಿಯಿದ್ದೂ ಶಬ್ದದ ಅರ್ಥ ಮಿದುಳಿಗೆ ಹತ್ತದ ಸ್ಥಿತಿ ಅಪರೂಪಕ್ಕೆ ಇರುತ್ತದೆ; ಅಂಥವರಿಗೆ ಹಾಡು ಬರೀ ಗದ್ದಲ.

ಇನ್ನು ಕಿವಿ. ಕಾಯುವುದು ಇಲ್ಲಿಂದಲೇ ಶುರು. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಸಮಯ ಸಿಗಲು ವಾರಗಳು ಬೇಕಾಗಬಹುದು. ಆ ಅವಧಿಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರಿಂದ ಗುಗ್ಗೆ ತೆಗೆಸಿ. ಗುಗ್ಗೆ ಇದ್ದರೆ ಪರೀಕ್ಷೆ ಮಾಡದೆ ವಾಪಸ್ ಕಳಿಸುತ್ತಾರೆ, ಮತ್ತೆ ಸರದಿ ಹಿಡಿಯಬೇಕು. ಹತ್ತಿ ಕಡ್ಡಿ ಹಾಕಿ ಮನೆಯಲ್ಲಿ ತೆಗೆಯಲು ಹೋದರೆ ಗುಗ್ಗೆ ಇನ್ನೂ ಒಳಗೆ ಹೋಗಿ ಗಟ್ಟಿಯಾಗುತ್ತದೆ.

ಶ್ರವಣ ಪರೀಕ್ಷೆಯಲ್ಲಿ 250ರಿಂದ 8,000 ಹರ್ಟ್ಸ್‌ವರೆಗಿನ ‘ಕುಯ್’ ಶಬ್ದಗಳನ್ನು ಒಂದೊಂದಾಗಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ತೊಂದರೆ ಇಲ್ಲೇ. ಎರಡು ನಿಮಿಷದಲ್ಲಿ ಗುಂಡಿ ಏಕೆ ಒತ್ತಬೇಕು ಎಂಬುದೇ ಮರೆತುಹೋಗುತ್ತದೆ, ವರದಿಯಲ್ಲಿ ‘ತೀವ್ರ ಕಿವುಡು’ ಎಂದು ಬರುತ್ತದೆ. ಸಮಯ ಕಾಯ್ದಿರಿಸುವಾಗಲೇ ಡಿಮೆನ್ಶಿಯಾ ಇದೆ ಎಂದು ತಿಳಿಸಿ, ಬೆಳಗಿನ ಹೊತ್ತನ್ನೇ ಕೇಳಿ. ಗುಂಡಿಯ ಬದಲು ಕೈ ಎತ್ತಿಸುವುದು ಅಥವಾ ‘ಹೂಂ’ ಅನ್ನಿಸುವುದು, ಪ್ರತಿ ಎರಡು-ಮೂರು ಶಬ್ದಕ್ಕೊಮ್ಮೆ ಸೂಚನೆ ನೆನಪಿಸುವುದು, ಒಂದೊಂದು ದಿನ ಒಂದೊಂದು ಕಿವಿ ನೋಡುವುದು, ಇವೆಲ್ಲ ಸಾಧ್ಯ. ಅದೂ ಆಗದಿದ್ದರೆ ರೋಗಿ ಉತ್ತರ ಕೊಡಬೇಕಿಲ್ಲದ ಪರೀಕ್ಷೆಗಳಿವೆ: ಕಿವಿತಮಟೆಯ ಅಲುಗಾಟ ನೋಡುವ ಟಿಂಪನೋಮೆಟ್ರಿ, ಒಳಗಿವಿಯ ಪ್ರತಿಕ್ರಿಯೆ ನೋಡುವ ಓಎಇ, ಮಿದುಳಕಾಂಡದ ಪ್ರತಿಕ್ರಿಯೆ ಅಳೆಯುವ ಎಬಿಆರ್. ಕೇಳಿ ಪಡೆಯಿರಿ, ತಾವಾಗಿಯೇ ಹೇಳುವವರು ಕಡಿಮೆ.

ವರದಿ ಓದುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಎರಡರಲ್ಲಿ ಹೆಚ್ಚು ಚೆನ್ನಾಗಿ ಕೇಳುವ ಕಿವಿಗೆ ಕೇಳಿಸುವ ಅತಿ ಮೆಲ್ಲನೆಯ ಶಬ್ದದ ಮಟ್ಟ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಸರಿಯಾಗಿದೆ, 20ರಿಂದ 35 ಅಲ್ಪ ದೋಷ, 35ರಿಂದ 50 ಮಧ್ಯಮ, 50 ದಾಟಿದರೆ ಅದಕ್ಕಿಂತ ಹೆಚ್ಚಿನದು. ವಯಸ್ಸಿನಿಂದ ಬರುವ ದೋಷದಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು. ವರದಿಯ ನಕ್ಷೆಯಲ್ಲಿ ರೇಖೆ ಬಲಗಡೆಗೆ ಇಳಿಯುತ್ತಾ ಹೋಗುತ್ತದೆ. ಆಗ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಸ, ಶ, ಫ, ತ ಅಕ್ಷರಗಳು ಜಾರಿಹೋಗುತ್ತವೆ. ಇನ್ನೊಂದು ವಿಷಯ: ಎಂಎಂಎಸ್‌ಇ, ಮೋಕಾ ಎರಡರಲ್ಲೂ ಬಹಳ ಪ್ರಶ್ನೆಗಳನ್ನು ಬಾಯಲ್ಲೇ ಕೇಳುತ್ತಾರೆ. ಪದ ಕೇಳಿಸದವರು ಅದನ್ನು ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಕಿವಿ ಸರಿಪಡಿಸುವ ಮೊದಲು ತೆಗೆದ ಅಂಕ ನಿಜಕ್ಕಿಂತ ಕಡಿಮೆ ಇರಬಹುದು.

ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2024ರ ತಜ್ಞರ ಆಯೋಗ ಡಿಮೆನ್ಶಿಯಾಕ್ಕೆ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ, ಶ್ರವಣದೋಷ ಅದರಲ್ಲಿ ದೊಡ್ಡವುಗಳ ಪೈಕಿ ಒಂದು. ಇದನ್ನು ಹಿಡಿದುಕೊಂಡು ಹಿಯರಿಂಗ್ ಏಡ್ ಮಾರುವವರು ‘ಹಾಕಿಕೊಂಡರೆ ಮರೆವು ನಿಲ್ಲುತ್ತದೆ’ ಅನ್ನುವುದುಂಟು. 2023ರಲ್ಲಿ ಪ್ರಕಟವಾದ ಅಚೀವ್ ಅಧ್ಯಯನದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯಲ್ಲಿ ಹಿಯರಿಂಗ್ ಏಡ್ ಕೊಟ್ಟವರನ್ನೂ ಕೊಡದವರನ್ನೂ 3 ವರ್ಷ ಗಮನಿಸಿ ಹೋಲಿಸಿದಾಗ ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಪಾಯದ ಅಂಶಗಳು ಹೆಚ್ಚಿದ್ದ ಒಂದು ಉಪಗುಂಪಿನಲ್ಲಿ ಮಾತ್ರ ಗ್ರಹಿಕೆಯ ಇಳಿತ 48 ಪ್ರತಿಶತ ನಿಧಾನವಾಯಿತು. ಅದೂ ಡಿಮೆನ್ಶಿಯಾ ಇನ್ನೂ ಬಾರದವರಲ್ಲಿ. ಆಗಲೇ ಕಾಯಿಲೆ ಇರುವವರಿಗೆ ಹಿಯರಿಂಗ್ ಏಡ್ ಕೊಡಿಸುವುದು ಮಾತುಕತೆ ಉಳಿಸಲು, ಮುಂದೆ ಹಾಡು ಕೇಳಿಸಲು. ಆ ಎರಡು ಕಾರಣವೇ ಸಾಕು.

ಖರ್ಚಿನಲ್ಲಿ ದೊಡ್ಡ ಪಾಲು ಇಲ್ಲೇ ಹೋಗುತ್ತದೆ, ಆದ್ದರಿಂದ ಆಯ್ಕೆಯ ಬಗ್ಗೆ ನಾಲ್ಕು ಮಾತು. ಕಿವಿಯೊಳಗೆ ಅಡಗುವ ಚಿಕ್ಕ ಮಾದರಿ ಬೇಡ. ಕಿವಿಯ ಹಿಂದೆ ಕೂರುವುದನ್ನೇ ತೆಗೆದುಕೊಳ್ಳಿ, ಹಾಕಲು ಸುಲಭ, ಬಿದ್ದರೂ ಕಣ್ಣಿಗೆ ಬೀಳುತ್ತದೆ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ. ಗುಂಡಿ ಬ್ಯಾಟರಿಗಿಂತ ಚಾರ್ಜ್ ಮಾಡುವ ಮಾದರಿ ಮೇಲು, ಏಕೆಂದರೆ ಆ ಪುಟ್ಟ ಬ್ಯಾಟರಿಯನ್ನು ಮಾತ್ರೆ ಎಂದು ನುಂಗಿಬಿಡುವ ಅಪಾಯ ನಿಜವಾದದ್ದು; ನುಂಗಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಟ್ಟೆಗೆ ಸಿಕ್ಕಿಸುವ ದಾರದ ಕ್ಲಿಪ್ ಮೊದಲ ದಿನದಿಂದಲೇ ಇರಲಿ. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವುದು, ದಿಂಬಿನ ಚೀಲದೊಳಗೆ ತುರುಕುವುದು ಎಲ್ಲ ಮನೆಗಳ ಕಥೆ. ಕೊಳ್ಳುವ ಮುನ್ನ ಪ್ರಯೋಗದ ಅವಧಿ ಎಷ್ಟು, ಕಳೆದುಹೋದರೆ ವಿಮೆ ಇದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಶುರುವಿನಲ್ಲಿ ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ಮಾತಾಡುತ್ತಿರುವಾಗ. ಮಿದುಳು ಒಗ್ಗಿಕೊಳ್ಳಲು ವಾರಗಳೇ ಬೇಕು. ಪಾತ್ರೆ ತಟ್ಟೆಯ ಸದ್ದಿಗೆ ಬೆಚ್ಚಿ ಕಿತ್ತುಹಾಕಿದರೆ ಆ ದಿನಕ್ಕೆ ಬಿಟ್ಟುಬಿಡಿ. ಕೀರಲು ಶಿಳ್ಳೆ ಬಂದರೆ ಕಿವಿಯೊಳಗಿನ ತುದಿ ಸರಿಯಾಗಿ ಕೂತಿಲ್ಲ ಅಥವಾ ಗುಗ್ಗೆ ಮತ್ತೆ ಕಟ್ಟಿದೆ ಎಂದರ್ಥ. ಮುಖ್ಯವಾದ ಇನ್ನೊಂದು: ಹಿಯರಿಂಗ್ ಏಡ್‌ನ ಮಾಮೂಲು ಹೊಂದಾಣಿಕೆ ಮಾತಿಗಾಗಿ ಮಾಡಿದ್ದು. ಶಿಳ್ಳೆ ತಡೆಯುವ ವ್ಯವಸ್ಥೆ ಕೊಳಲಿನ ನಿಡಿದಾದ ಸ್ವರವನ್ನೇ ಶಿಳ್ಳೆ ಎಂದುಕೊಂಡು ಅಳಿಸಲು ನೋಡುತ್ತದೆ, ಗದ್ದಲ ಕಡಿಮೆ ಮಾಡುವ ವ್ಯವಸ್ಥೆ ವಾದ್ಯಗಳನ್ನೇ ಗದ್ದಲ ಎಂದು ತಗ್ಗಿಸುತ್ತದೆ. ಹಾಡು ನಡುಗಿದಂತೆ, ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. ಇವೆರಡನ್ನೂ ತಗ್ಗಿಸಿದ ‘ಸಂಗೀತ ಪ್ರೋಗ್ರಾಂ’ ಒಂದನ್ನು ಬೇರೆಯಾಗಿ ಹಾಕಿಸಿಕೊಳ್ಳಿ. ಹಿಯರಿಂಗ್ ಏಡ್ ಒಗ್ಗಲೇ ಇಲ್ಲವೆಂದರೆ ಹೆಡ್‌ಫೋನ್ ಜೋಡಿಸಿದ, ಜೇಬಿನಲ್ಲಿಡುವ ಧ್ವನಿವರ್ಧಕವೂ ಮಾತುಕತೆಯ ಹೊತ್ತಿಗೆ ನಡೆಯುತ್ತದೆ.

ಕಿವಿ ಒಂದು ಹದಕ್ಕೆ ಬಂದ ಮೇಲೆ ಹಾಡು. ಇಡೀ ಹಾದಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಭಾಗ ಇದು, ಅವಸರದಲ್ಲಿ ಕೆಡುವುದೂ ಇದೇ. ‘ಮನಸ್ಸಿಗೆ ಹಿತವಾದ ಸಂಗೀತ’ ಎಂದು ಯಾರೋ ಮಾಡಿಟ್ಟ ಪಟ್ಟಿ ಹಚ್ಚಿ, ‘ಏನೂ ಉಪಯೋಗವಿಲ್ಲ’ ಎಂದು ಕೈಬಿಡುತ್ತಾರೆ. ಬೇಕಾದದ್ದು ಅವರದ್ದೇ ಹಾಡು. ಸುಮಾರು 10ರಿಂದ 25 ವಯಸ್ಸಿನೊಳಗೆ ಕೇಳಿದ ಹಾಡುಗಳು ಸಾಮಾನ್ಯವಾಗಿ ಹೆಚ್ಚು ಆಳವಾಗಿ ಉಳಿಯುತ್ತವೆ. ಹುಟ್ಟಿದ ಇಸವಿಗೆ 10 ಮತ್ತು 25 ಕೂಡಿಸಿ, ಆ ಎರಡು ಇಸವಿಗಳ ನಡುವೆ ಏನು ಕೇಳಿರಬಹುದು ಎಂದು ಹುಡುಕಿ. ಮಕ್ಕಳಿಗಿಂತ ಒಡಹುಟ್ಟಿದವರನ್ನು, ಹಳೆಯ ಸಹಪಾಠಿಗಳನ್ನು ಕೇಳುವುದು ಮೇಲು. ಮಕ್ಕಳಿಗೆ ಗೊತ್ತಿರುವುದು ನಡುವಯಸ್ಸಿನ ತಂದೆತಾಯಿ. ಶಾಲೆಯ ಪ್ರಾರ್ಥನೆ, ಲಾಲಿ, ಆಟದ ಹಾಡು, ರೇಡಿಯೊ ಕಾರ್ಯಕ್ರಮದ ಆರಂಭದ ರಾಗ, ಎಲ್ಲವೂ ಬರಲಿ. ಮೂಲ ಧ್ವನಿಮುದ್ರಣವೇ ಬೇಕು. ಹೊಸ ದನಿಯಲ್ಲಿ ಹಾಡಿಸಿದ್ದು ಅವರಿಗೆ ಬೇರೆಯೇ ಹಾಡು.

ಪರೀಕ್ಷಿಸುವ ಬಗೆ: ಪಕ್ಕದಲ್ಲಿ ಕೂತು ಪ್ರತಿ ಹಾಡನ್ನು ಅರ್ಧ ನಿಮಿಷ ಕೇಳಿಸಿ, ‘ಇಷ್ಟವೇ?’ ಎಂದು ಕೇಳದೆ ಮುಖ ನೋಡಿ. ತುಟಿ ಅಲುಗಿತೇ, ಬೆರಳು ತಾಳ ಹಾಕಿತೇ, ಕಣ್ಣು ನಿಮ್ಮತ್ತ ತಿರುಗಿತೇ. ಇಲ್ಲಾ ಹುಬ್ಬು ಗಂಟಿಕ್ಕಿತೇ, ಕೈ ಕಿವಿಯತ್ತ ಹೋಯಿತೇ? ಬೇಕು, ನೋಡೋಣ, ಬೇಡ ಎಂದು ಮೂರು ಗುರುತು ಸಾಕು. ಒಮ್ಮೆಗೆ ಆರೇಳು ಹಾಡಿಗಿಂತ ಹೆಚ್ಚು ಬೇಡ. 15-20 ಹಾಡು ಸಿಕ್ಕರೆ ಶುರು ಮಾಡಬಹುದು. ಅಗಲಿದವರ ನೆನಪು ಹೊತ್ತ ಹಾಡಿಗೆ ಅಳು ಬರುತ್ತದೆ. ಅತ್ತ ಮಾತ್ರಕ್ಕೆ ತೆಗೆಯಬೇಕಿಲ್ಲ. ಐದು ಹತ್ತು ನಿಮಿಷದಲ್ಲಿ ಸಮಾಧಾನವಾದರೆ, ಮಾತಾಡಿದರೆ, ಇರಲಿ. ಅಳು ಚಡಪಡಿಕೆಗೆ ತಿರುಗಿದರೆ ತೆಗೆದುಬಿಡಿ.

ಯಾವ ಹೊತ್ತಿಗೆ? ಅವರು ಕೆರಳುವ ಹೊತ್ತು ಯಾವುದು ಎಂದು ಒಂದು ವಾರ ಬರೆದಿಡಿ. ಸಾಮಾನ್ಯವಾಗಿ ಸ್ನಾನದ ವೇಳೆ, ಇಲ್ಲವೇ ಸಂಜೆ. ಅದಕ್ಕೆ ಅರ್ಧ ಗಂಟೆ ಮುಂಚೆ 20ರಿಂದ 30 ನಿಮಿಷ ಕೇಳಿಸಿ. ಕೆರಳಿದ ಮೇಲೆ ಹಾಕಿದ ಹಾಡು ಕಿರಿಕಿರಿಗೆ ಇನ್ನೊಂದು ಸದ್ದು ಸೇರಿಸುತ್ತದೆ, ಅಷ್ಟೇ. ದಿನವಿಡೀ ಹಚ್ಚಿಡಬಾರದು. ಟಿವಿ, ಮಿಕ್ಸರ್, ಫ್ಯಾನಿನ ಗುಂಯ್ ಸದ್ದು ಇರಬಾರದು. ಹೆಡ್‌ಫೋನ್ ಆದರೆ ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತನೆಯದು. ಹಿಯರಿಂಗ್ ಏಡ್ ಮೇಲೆ ಹಾಕಿದರೆ ಶಿಳ್ಳೆ ಬರಬಹುದು, ಅಂಥವರಿಗೆ ಎದುರಿಗೆ ಒಂದು ಮೀಟರ್ ದೂರದಲ್ಲಿ ಸ್ಪೀಕರ್. ಸದ್ದಿನ ಮಟ್ಟ ಮಾಮೂಲು ಮಾತಿನಷ್ಟು, 60-65 ಡೆಸಿಬೆಲ್. ಮೊಬೈಲಿನ ಡೆಸಿಬೆಲ್ ಆ್ಯಪ್ ಅಂದಾಜಿಗೆ ಸಾಕು. ಯಾರೂ ಎಚ್ಚರಿಸದ ಸಂಗತಿ ಜಾಹೀರಾತು: ಉಚಿತ ಆ್ಯಪ್‌ನಲ್ಲಿ ಹಾಡು ಮುಗಿದ ಕೂಡಲೇ ಅಪರಿಚಿತ ದನಿ ಕೂಗಿಕೊಳ್ಳುತ್ತದೆ, ಅರ್ಧ ಗಂಟೆಯ ಶಾಂತಿ ಕ್ಷಣದಲ್ಲಿ ಹಾಳು. ಹಾಡುಗಳನ್ನು ಡೌನ್‌ಲೋಡ್ ಮಾಡಿ, ಆಟೋಪ್ಲೇ ಆಫ್ ಮಾಡಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಬ್ಲೂಟೂತ್ ಸ್ಪೀಕರ್ ‘ಕನೆಕ್ಟೆಡ್’ ಎಂದು ಕೂಗುವುದನ್ನು ಅವರ ಮುಂದಿಡುವ ಮೊದಲೇ ಮುಗಿಸಿಕೊಳ್ಳಿ.

ಮಾತೇ ನಿಂತವರು ಒಂದು ದಿನ ಪಲ್ಲವಿಯಿಂದ ಚರಣದವರೆಗೆ ತಪ್ಪಿಲ್ಲದೆ ಹಾಡಿಬಿಡುತ್ತಾರೆ. ಮನೆಯವರ ಕಣ್ಣಲ್ಲಿ ನೀರು. ನೆನಪು ಮರಳಿತು ಎಂದು ದೂರದವರಿಗೆಲ್ಲ ಫೋನ್. ಮರುದಿನ ಬೆಳಿಗ್ಗೆ ಅದೇ ‘ನೀನು ಯಾರು?’. ಆ ಏರಿಳಿತದಲ್ಲಿ ಕುಸಿಯುವವರು ಆರೈಕೆ ಮಾಡುವವರು. ಕಾರಣ ತಿಳಿದಿದ್ದರೆ ಸ್ವಲ್ಪ ತಡೆದುಕೊಳ್ಳಬಹುದು: 2015ರಲ್ಲಿ ಬ್ರೇನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಬಹುಕಾಲದಿಂದ ಬಲ್ಲ ಸಂಗೀತವನ್ನು ಗುರುತಿಸುವ ಮಿದುಳಿನ ಜಾಗಗಳು ಆಲ್ಝೈಮರ್ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಸವೆಯುತ್ತವೆ ಎಂದು ತೋರಿಸಿತು. ಹಾಡು ಬಂದದ್ದು ಆ ಉಳಿದ ಜಾಗದಿಂದ. ಹೆಸರು, ಮುಖ, ದಿನಾಂಕ ಇರುವ ಜಾಗ ರಿಪೇರಿಯಾಗಿಲ್ಲ.

ತರಬೇತಾದ ಸಂಗೀತ ಚಿಕಿತ್ಸಕರು ಬೇಕೇ ಎಂಬ ಪ್ರಶ್ನೆ ಇಷ್ಟಾದ ಮೇಲೆ ಬರುತ್ತದೆ. ಹಾಡು ಕೇಳಿಸುವುದಕ್ಕೆ ಬೇಡ. ಖಿನ್ನತೆ ಗಾಢವಾಗಿದ್ದರೆ, ಮನೆಯವರ ಯಾವ ಪ್ರಯತ್ನಕ್ಕೂ ಸ್ಪಂದನ ಇಲ್ಲದಿದ್ದರೆ ಬೇಕು. ಹಾಡುಗಾರರು, ಸಂಗೀತದ ಮೇಷ್ಟ್ರು ಬೇರೆ, ಸಂಗೀತ ಚಿಕಿತ್ಸಕರು ಬೇರೆ. ಮೊದಲ ಭೇಟಿಯಲ್ಲೇ ಕೇಳಿ: ಎಲ್ಲಿ ಕಲಿತಿರಿ, ಡಿಮೆನ್ಶಿಯಾ ಇರುವವರೊಡನೆ ಕೆಲಸ ಮಾಡಿದ್ದೀರಾ, ಗುರಿ ಏನು, ಅದನ್ನು ಹೇಗೆ ಅಳೆಯುತ್ತೀರಿ. ‘ನೆನಪು ಹೆಚ್ಚಿಸುತ್ತೇವೆ’ ಎಂಬ ಉತ್ತರ ಬಂದರೆ ಎದ್ದು ಬನ್ನಿ. ಸರಿಯಾದವರು ಮೊದಲು ಕಿವಿಯ ವರದಿ ಕೇಳುತ್ತಾರೆ. ಒಂದು ಬೈಠಕ್ 30-45 ನಿಮಿಷ, ವಾರಕ್ಕೆ ಒಂದೆರಡು. ಪ್ರತಿ ಸಲ ಅದೇ ಸ್ವಾಗತದ ಹಾಡು, ಅದೇ ಬೀಳ್ಕೊಡುಗೆಯ ಹಾಡು, ನಡುವೆ ಹಾಡಿಸುವುದು, ತಾಳವಾದ್ಯ ನುಡಿಸುವುದು, ಮಾತು. ಚಡಪಡಿಸುವವರಿಗೆ ನೇರವಾಗಿ ನಿಧಾನದ ಹಾಡು ಹಾಕುವುದಿಲ್ಲ. ಅವರ ಚಡಪಡಿಕೆಯ ವೇಗದಲ್ಲೇ ಶುರುಮಾಡಿ ಮೆಲ್ಲಗೆ ಗತಿ ಇಳಿಸುತ್ತಾರೆ. ಮನೆಯಲ್ಲೂ ಇದನ್ನು ಮಾಡಬಹುದು, ಪಟ್ಟಿಯ ಹಾಡುಗಳನ್ನು ವೇಗದಿಂದ ನಿಧಾನಕ್ಕೆ ಜೋಡಿಸಿದರಾಯಿತು.

ಕಾಕ್ರೇನ್ ಲೆಕ್ಕಕ್ಕೆ ತೆಗೆದುಕೊಂಡದ್ದು ಕನಿಷ್ಠ 5 ಬೈಠಕ್ ನಡೆದ ಅಧ್ಯಯನಗಳನ್ನು. ಒಂದೆರಡು ಸಲಕ್ಕೆ ತೀರ್ಮಾನ ಮಾಡಬೇಡಿ ಅನ್ನುವುದಕ್ಕೆ ಇದನ್ನು ಅಳತೆಯಾಗಿ ಇಟ್ಟುಕೊಳ್ಳಬಹುದು. ಶುಲ್ಕದ ಜೊತೆ ಓಡಾಟ, ಜೊತೆಗೆ ಹೋಗುವವರ ರಜೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಭಾರ ಅನ್ನಿಸಿದರೆ ಸಾಮೂಹಿಕ ಗಾಯನ ನೋಡಿ. ವೃದ್ಧಾರೈಕೆ ಕೇಂದ್ರಗಳಲ್ಲಿ ನಡೆದ ಮಿಡ್ಲ್ ಅಧ್ಯಯನದಲ್ಲಿ (2022) ಎಲ್ಲರೂ ಕೂಡಿ ಹಾಡಿದ ಗುಂಪುಗಳಲ್ಲಿ ಖಿನ್ನತೆ ಇಳಿದದ್ದು ಕಂಡಿತು.

ಕೊನೆಗೆ 40 ಹರ್ಟ್ಸ್. ಅತಿ ಹೆಚ್ಚು ಪ್ರಚಾರ, ಅತಿ ಹೆಚ್ಚು ಗೊಂದಲ ಇರುವುದು ಇದರಲ್ಲಿ. ಮಿದುಳಿನಲ್ಲಿ ವೇಗವಾಗಿ ಮಿಡಿಯುವ, ಗಾಮಾ ಎಂಬ ವಿದ್ಯುತ್ ಅಲೆಗಳು ಆಲ್ಝೈಮರ್‌ನಲ್ಲಿ ಕುಗ್ಗುತ್ತವೆ. ಹೊರಗಿನಿಂದ ಸೆಕೆಂಡಿಗೆ 40 ಬಾರಿ ಬೆಳಕು ಅಥವಾ ಶಬ್ದ ಮಿಡಿಸಿದರೆ ಅವು ಆ ಲಯಕ್ಕೆ ಕೂಡಿಕೊಳ್ಳುತ್ತವೆ. ಎಂಐಟಿ ವಿಶ್ವವಿದ್ಯಾಲಯದ ಲೀ-ಹ್ವೇ ಸಾಯ್ ಅವರ ತಂಡ 2016ರಲ್ಲಿ ಬೆಳಕಿನಿಂದ, 2019ರಲ್ಲಿ ಶಬ್ದದಿಂದ, ಇಲಿಗಳ ಮಿದುಳಿನಲ್ಲಿ ಅಮೈಲಾಯ್ಡ್ (ಆಲ್ಝೈಮರ್‌ನಲ್ಲಿ ಶೇಖರವಾಗುವ ಪ್ರೊಟೀನ್) ಕಡಿಮೆಯಾಯಿತು ಎಂದು ವರದಿ ಮಾಡಿತು. ಶಬ್ದದ ಪ್ರಯೋಗ ದಿನಕ್ಕೆ 1 ಗಂಟೆಯಂತೆ 7 ದಿನ. 2023ರಲ್ಲಿ ಬೇರೊಂದು ತಂಡ ಬೆಳಕಿನ ಪ್ರಯೋಗವನ್ನು ಇಲಿಗಳಲ್ಲೇ ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಮನುಷ್ಯರಲ್ಲಿ ಚಿಕ್ಕ ಪ್ರಯೋಗಗಳು ತೋರಿಸಿದ್ದು ಮುಖ್ಯವಾಗಿ ಸುರಕ್ಷತೆಯನ್ನು ಮತ್ತು ಕೆಲವು ಆಸೆ ಹುಟ್ಟಿಸುವ ಸೂಚನೆಗಳನ್ನು.

ಮನೆಯಲ್ಲಿ ಜನ ಕೇಳಿಸುವುದು ಇದಲ್ಲವೇ ಅಲ್ಲ. ಆ ಇಲಿಗಳಿಗೆ ಕೇಳಿಸಿದ್ದು 40 ಹರ್ಟ್ಸ್‌ನ ಸ್ವರವಲ್ಲ. 10,000 ಹರ್ಟ್ಸ್‌ನ ಸ್ವರವನ್ನು ಒಂದೊಂದು ಮಿಲಿಸೆಕೆಂಡಿನ ತುಣುಕು ಮಾಡಿ, ಪ್ರತಿ 25 ಮಿಲಿಸೆಕೆಂಡಿಗೆ ಒಂದರಂತೆ. ಕಿವಿಗೆ ಅದು ಟರ್‌ರ್ ಎನ್ನುವ ಸದ್ದು, ಸಂಗೀತದ ಹತ್ತಿರಕ್ಕೂ ಬರುವುದಿಲ್ಲ. ವಿಡಿಯೊಗಳಲ್ಲಿ ಬಹುಪಾಲು ಸಿಗುವುದು ನಯವಾದ 40 ಹರ್ಟ್ಸ್ ಗುಂಯ್‌ಕಾರ. ಅಷ್ಟು ತಗ್ಗಿನ ಸ್ವರವನ್ನು ಫೋನಿನ ಚಿಕ್ಕ ಸ್ಪೀಕರ್ ಹೊರಡಿಸಲಾರದು. ಏನಾದರೂ ಕೇಳಿಸಿದರೆ ಅದು ಸ್ಪೀಕರ್‌ನ ವಿಕೃತಿ. ಬೈನಾರಲ್ ಬೀಟ್ಸ್ ಬೇರೆಯದೇ: ಒಂದು ಕಿವಿಗೆ 400, ಇನ್ನೊಂದಕ್ಕೆ 440 ಹರ್ಟ್ಸ್ ಕೊಟ್ಟು ವ್ಯತ್ಯಾಸವನ್ನು ಮಿದುಳಿಗೆ ಬಿಡುವುದು. ಹೆಡ್‌ಫೋನ್ ಇಲ್ಲದೆ ಅದಕ್ಕೆ ಅರ್ಥವಿಲ್ಲ, ಒಂದು ಕಿವಿ ಮಂದವಿದ್ದರೆ ಹೆಡ್‌ಫೋನ್ ಇದ್ದರೂ ಇಲ್ಲ. ಎತ್ತರದ ಸ್ವರ ಕೇಳದ ವಯಸ್ಸಾದ ಕಿವಿಗೆ 10,000 ಹರ್ಟ್ಸ್ ತುಣುಕನ್ನು ಎಷ್ಟು ಹೊತ್ತು ಹಾಕಿದರೂ ಮಿದುಳಿಗೆ ತಲುಪುವುದು ಶೂನ್ಯ. ಕಿವಿಯ ವರದಿ ಮೊದಲು ಎಂದದ್ದು ಇದಕ್ಕೂ ಸೇರಿ.

ಆದ್ದರಿಂದ ಯಂತ್ರಕ್ಕೆ ದುಡ್ಡು ಹಾಕುವುದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆಸಕ್ತಿ ಇದ್ದರೆ ನೋಂದಾಯಿತ ಪ್ರಯೋಗಕ್ಕೆ ಅರ್ಜಿ ಹಾಕಿ. ಮೇಲೆ ಹೇಳಿದ ಫೈಲ್ ಅಲ್ಲಿ ಅಷ್ಟೂ ಕೆಲಸಕ್ಕೆ ಬರುತ್ತದೆ. ಎಂಎಂಎಸ್‌ಇ ಅಂಕಕ್ಕೆ ಕೆಳಮಿತಿ ಮೇಲ್ಮಿತಿ ಇರುತ್ತದೆ. ಹಳೆಯ ಅಂಕ ನಡೆಯುವುದಿಲ್ಲ, ಹೊಸದಾಗಿ ತೆಗೆಯುತ್ತಾರೆ. ಎಂಆರ್‌ಐ ಇರಬಹುದು, ಆದ್ದರಿಂದ ದೇಹದೊಳಗಿನ ಲೋಹ, ಪೇಸ್‌ಮೇಕರ್ ಬಗ್ಗೆ ಕೇಳುತ್ತಾರೆ. ಫಿಟ್ಸ್ ಬಂದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ರೋಗಿಯ ಜೊತೆ ಒಬ್ಬರು ಖಾಯಂ ಹಾಜರಿರಬೇಕು. ದಿನಕ್ಕೆ ಒಂದು ಗಂಟೆಯಂತೆ ತಿಂಗಳುಗಟ್ಟಲೆ ಕೂರಿಸುವ ಹೊಣೆ ಅವರದ್ದೇ. ಅರ್ಧ ಜನರಿಗೆ ನಕಲಿ ಮಿಡಿತದ ಯಂತ್ರ ಸಿಗಬಹುದು, ಯಾರಿಗೆ ಯಾವುದು ಎಂದು ಮುಗಿಯುವವರೆಗೆ ತಿಳಿಸುವುದಿಲ್ಲ. ಒಪ್ಪಿಗೆ ಪತ್ರ ಮನೆಗೆ ತಂದು ಓದಿ ಸಹಿ ಹಾಕಿ. ಕಾಗದದಲ್ಲಿ ಮನೆಯವರ ಸಹಿ ಇದ್ದರೂ ರೋಗಿ ‘ಬೇಡ’ ಎಂದ ದಿನ ಬೇಡವೇ. ಪ್ರಯೋಗಕ್ಕೆ ಸೇರಲು ದುಡ್ಡು ಕೇಳಿದರೆ ಅಲ್ಲಿಂದ ಹೊರಡಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಡುವ ‘ಬ್ರೇಕ್‌ತ್ರೂ’ ಎಂಬ ದರ್ಜೆ ಪರಿಶೀಲನೆ ಬೇಗ ಆಗಲೆಂದು ಕೊಡುವುದು. ಅನುಮೋದನೆ ಬೇರೆ.

ಇಷ್ಟೆಲ್ಲ ಮಾಡುವಾಗ ಒಂದು ಪುಸ್ತಕದಲ್ಲಿ ದಾಖಲೆ ಇಡದಿದ್ದರೆ ಯಾವುದು ಕೆಲಸ ಮಾಡಿತು ಎಂಬುದು ತಿಳಿಯುವುದೇ ಇಲ್ಲ. ಹಾಡು ಶುರುಮಾಡುವ ಮೊದಲ ಎರಡು ವಾರ ಏನೂ ಬದಲಿಸದೆ ಬರೆಯಿರಿ: ದಿನಾಂಕ, ಹೊತ್ತು, ಚಡಪಡಿಕೆ 0ಯಿಂದ 10ರಲ್ಲಿ ಎಷ್ಟು, ರಾತ್ರಿ ನಿದ್ದೆ. ಆಮೇಲೆ ನಾಲ್ಕು ವಾರ ಹಾಡಿನ ಜೊತೆ ಅದೇ ದಾಖಲೆ, ಹಾಡಿನ ಮೊದಲು ಮತ್ತು ನಂತರ. ಒಮ್ಮೆಗೆ ಒಂದನ್ನೇ ಬದಲಿಸಿ. ಮಾತ್ರೆ ಬದಲಾದ ವಾರವನ್ನು ಲೆಕ್ಕದಿಂದ ಬಿಡಿ. ಮನೆಯಲ್ಲಿ ಪದೇ ಪದೇ ಮೋಕಾ ಮಾಡಿಸಬೇಡಿ, ಪ್ರಶ್ನೆಗಳು ಪರಿಚಯವಾಗಿ ಅಂಕ ಸುಳ್ಳಾಗಿ ಏರಬಹುದು. ಮನಸ್ಥಿತಿಗೆ ಕಾರ್ನೆಲ್ ಮಾಪಕ, ವರ್ತನೆಗೆ ಎನ್‌ಪಿಐ ಇವೆ. ವೈದ್ಯರ ಬಳಿ ಕೇಳಿ, ಎರಡೂ ಮುಖ್ಯವಾಗಿ ಆರೈಕೆ ಮಾಡುವವರ ಉತ್ತರದ ಮೇಲೆ ನಡೆಯುತ್ತವೆ. ಒಂದೆರಡು ದಿನದೊಳಗೆ ಗೊಂದಲ ಹಠಾತ್ತನೆ ಹೆಚ್ಚಿದರೆ ಹಾಡನ್ನು ದೂರಬೇಡಿ, ಮೂತ್ರದ ಸೋಂಕು, ಜ್ವರ, ಮಲಬದ್ಧತೆ ನೋಡಿಸಿ.

ಕಾಯಿಲೆ ಮುಂದುವರಿದಂತೆ ಹೆಡ್‌ಫೋನ್ ಸಹಿಸುವುದಿಲ್ಲ, ವಾದ್ಯಗಳು ತುಂಬಿದ ಹಾಡೂ ಹಿಡಿಸುವುದಿಲ್ಲ. ಆಗ ಒಂಟಿ ದನಿ, ಒಂದೇ ವಾದ್ಯ, ಐದು ಹತ್ತು ನಿಮಿಷ. ಅದಕ್ಕೂ ಆಚೆ ಮನೆಯವರ ಬರೀ ಗುನುಗು. ಆರೈಕೆ ಕೇಂದ್ರಕ್ಕೆ ಸೇರಿಸುವುದಾದರೆ, ಹೊಸ ಸಹಾಯಕರು ಬರುವುದಾದರೆ, ಒಂದೇ ಪುಟದಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಿ: ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಹಿಯರಿಂಗ್ ಏಡ್‌ನ ಯಾವ ಪ್ರೋಗ್ರಾಂ ಸಂಗೀತಕ್ಕೆ, ಯಾವ ಹೊತ್ತು, ಎಷ್ಟು ಸದ್ದು, ಮೊದಲು ಹಾಕಬೇಕಾದ ಐದು ಹಾಡು, ಎಂದೂ ಹಾಕಬಾರದ ಹಾಡು ಯಾವುದು ಮತ್ತು ಏಕೆ.